ಹಳೇ ನಕ್ಷತ್ರದಲ್ಲಿ ಕಬ್ಬಿಣ ಯಾಕೆ ಕಡಿಮೆ?

ಪ್ರಶ್ನೆ: ಭಾರದ ಧಾತುಗಳು ನಕ್ಷತ್ರದೊಳಗೇ ತಯಾರಾಗುತ್ತವೆ ಎನ್ನುತ್ತೀರಿ. ಗೋಳಾಕಾರದ ಗುಚ್ಛಗಳ, ಅಂದರೆ ಚೆಂಡಿನಂತೆ ಒತ್ತಾಗಿ ಗುಂಪುಗೂಡಿದ, ನಕ್ಷತ್ರಗಳು 1,200 ಕೋಟಿ ವರ್ಷಕ್ಕೂ ಹೆಚ್ಚು ಕಾಲದಿಂದ ಉರಿಯುತ್ತಿವೆ. ಅವುಗಳಲ್ಲಿ ಕಬ್ಬಿಣ ಜಾಸ್ತಿ ಇರಬೇಕಲ್ವಾ?

ಉತ್ತರ: ಇರಬಾರದು, ಇಲ್ಲ ಕೂಡ. ಎಷ್ಟನೇ ಸಲ ಹೇಳುತ್ತಿದ್ದೇನೋ, ಎಣಿಸುವುದನ್ನು ಬಿಟ್ಟಿದ್ದೇನೆ.

ಎಂ 92 ಗುಚ್ಛದ ನಕ್ಷತ್ರಗಳಲ್ಲಿ ಕಬ್ಬಿಣದ ಪಾಲು ಸೂರ್ಯನದರ ಸುಮಾರು ಇನ್ನೂರರಲ್ಲಿ ಒಂದು. ರೋಹಿತ, ಅಂದರೆ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ, ನೋಡಿದರೆ ಗೊತ್ತಾಗುತ್ತದೆ. ಸೂರ್ಯನ ರೋಹಿತದಲ್ಲಿ ಕಬ್ಬಿಣದ ಕಪ್ಪು ಗೆರೆಗಳು ಒತ್ತೊತ್ತಾಗಿ ತುಂಬಿವೆ. ಎಂ 92ರ ನಕ್ಷತ್ರದಲ್ಲಿ ಆ ಗೆರೆಗಳು ಸಣಕಲಾಗಿವೆ, ಎಷ್ಟೋ ಗೆರೆಗಳು ಕಾಣುವುದೇ ಇಲ್ಲ.

'ಹೆಚ್ಚು ಉರಿದರೆ ಹೆಚ್ಚು ಕಬ್ಬಿಣ' ಅನ್ನುವ ನಂಬಿಕೆ ಎರಡು ಕಡೆ ತಪ್ಪುತ್ತದೆ. ಮೊದಲನೆಯದು, ಈ ಗುಚ್ಛಗಳಲ್ಲಿ ಇನ್ನೂ ಉರಿಯುತ್ತಿರುವುದು ಸೂರ್ಯನಿಗಿಂತ ಹಗುರವಾದ ನಕ್ಷತ್ರಗಳು. ಅವು ಜಲಜನಕದಿಂದ ಹೀಲಿಯಂ ಮಾಡುತ್ತವೆ, ಕೊನೆಗಾಲದಲ್ಲಿ ಹೀಲಿಯಂನಿಂದ ಇಂಗಾಲ, ಆಮ್ಲಜನಕ. ಅಲ್ಲಿಗೆ ಮುಗಿಯಿತು. ಕಬ್ಬಿಣದವರೆಗೆ ಹೋಗುವಷ್ಟು ಕಾವು ಅವಕ್ಕೆ ಯಾವತ್ತೂ ಬರುವುದಿಲ್ಲ. ಎರಡನೆಯದು, ರೋಹಿತದಲ್ಲಿ ನಮಗೆ ಕಾಣುವುದು ಮೇಲ್ಪದರ ಮಾತ್ರ. ಒಲೆ ಇರುವುದು ನಟ್ಟನಡುವೆ. ನಕ್ಷತ್ರ ಮುಪ್ಪಿನಲ್ಲಿ ಊದಿಕೊಂಡು ಕೆಂಪು ದೈತ್ಯವಾದಾಗ ಒಳಗಿನದು ಸ್ವಲ್ಪ ಮೇಲೆ ಬರುತ್ತದೆ, ನಿಜ. ಆಗ ಇಂಗಾಲ ಇಳಿಯುತ್ತದೆ, ಸಾರಜನಕ ಏರುತ್ತದೆ. ಕಬ್ಬಿಣ ಮಾತ್ರ ಇದ್ದಷ್ಟೇ ಇರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ನಕ್ಷತ್ರದ ವಿಷಯದಲ್ಲಿ ಅದು ಅಕ್ಷರಶಃ ನಿಜ.

ಹಾಗಾಗಿ ಕಬ್ಬಿಣ ಹೇಳುವುದು ಎಷ್ಟು ಕಾಲ ಉರಿಯಿತು ಅಂತಲ್ಲ, ಎಂಥ ಮೋಡದಲ್ಲಿ ಹುಟ್ಟಿತು ಅಂತ. ಈ ಗುಚ್ಛಗಳು ಹುಟ್ಟುವ ಕಾಲಕ್ಕೆ ಸಿಡಿದು ಕಬ್ಬಿಣ ಹರಡಿದ ದೊಡ್ಡ ನಕ್ಷತ್ರಗಳು ಕಡಿಮೆ. ಸೂರ್ಯ ಹುಟ್ಟಿದ್ದು 460 ಕೋಟಿ ವರ್ಷದ ಹಿಂದೆ. ಅಷ್ಟರಲ್ಲಿ ಎಷ್ಟೋ ತಲೆಮಾರು ಸಿಡಿದುಹೋಗಿದ್ದವು. ವಯಸ್ಸೊಂದೇ ಲೆಕ್ಕವೂ ಅಲ್ಲ, ಜಾಗವೂ ಮುಖ್ಯ: 47 ಟುಕಾನೆ ಕೂಡ ಮುದಿ ಗುಚ್ಛವೇ, ಅದರಲ್ಲಿ ಕಬ್ಬಿಣ ಸೂರ್ಯನ ಐದನೇ ಒಂದು ಪಾಲಿದೆ.

ನನಗೆ ಇದಕ್ಕಿಂತ ಇಷ್ಟವಾದ ಒಗಟು ಸೋಡಿಯಂನದು. ಒಂದೇ ಗುಚ್ಛದೊಳಗೆ ಕಬ್ಬಿಣ ಹೆಚ್ಚುಕಮ್ಮಿ ಒಂದೇ ಸಮ. ಸೋಡಿಯಂ ಹಾಗಲ್ಲ, ನಕ್ಷತ್ರದಿಂದ ನಕ್ಷತ್ರಕ್ಕೆ ಬದಲಾಗುತ್ತದೆ, ಅದು ಜಾಸ್ತಿ ಇದ್ದಲ್ಲಿ ಆಮ್ಲಜನಕ ಕಡಿಮೆ. ದೈತ್ಯವಾದ ಮೇಲೆ ಒಳಗಿನಿಂದ ಬಂದಿರಬೇಕು ಎಂದು ಹಲವರು ವಾದಿಸಿದ್ದರು. 2001ರಲ್ಲಿ ಎನ್‌ಜಿಸಿ 6752 ಎಂಬ ಗುಚ್ಛದಲ್ಲಿ ಇನ್ನೂ ದೈತ್ಯವಾಗದ ನಕ್ಷತ್ರಗಳನ್ನು ನೋಡಿದರೆ, ಅಲ್ಲೂ ಅದೇ ಕಥೆ! ಸೋಡಿಯಂ ಮಾಡುವ ಕಾವೇ ಅವಕ್ಕಿಲ್ಲ. ಅಂದರೆ ಅದೂ ಹುಟ್ಟುವಾಗಲೇ ಬಂದದ್ದು. ಕೊಟ್ಟವರು ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಕಬ್ಬಿಣ ಕಡಿಮೆ ಇರುವ ಇಂಥ ಕಡೆ ಗ್ರಹಗಳಿರುತ್ತವಾ? 47 ಟುಕಾನೆಯ ಸುಮಾರು 34,000 ನಕ್ಷತ್ರಗಳನ್ನು ಹಬಲ್ ದೂರದರ್ಶಕ ಎಂಟು ದಿನ ಬಿಡದೆ ನೋಡಿತು. ತನ್ನ ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವ ದೊಡ್ಡ ಗ್ರಹ ಒಂದೂ ಸಿಗಲಿಲ್ಲ. ಆದರೆ ಅದಕ್ಕಿಂತಲೂ ಕಬ್ಬಿಣ ಕಡಿಮೆ ಇರುವ ಎಂ 4 ಗುಚ್ಛದಲ್ಲಿ ಒಂದು ಗ್ರಹ ಸಿಕ್ಕಿದೆ, ಅದೂ ಎರಡು ಸತ್ತ ನಕ್ಷತ್ರಗಳನ್ನು ಸುತ್ತುತ್ತಾ.