ಹಟ್ಟಿಯ ಕೇಜು, ಗಂಗಾವತಿಯ ಭತ್ತದ ಚೀಲ

ಪಿಯುಸಿ ಮೊದಲ ವರ್ಷದ ಹಳೇ ಲಿಫ್ಟ್ ಲೆಕ್ಕವನ್ನು ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಗೆ ತರೋಣ. 60 ಕೆಜಿ ತೂಕದ ಕೆಲಸಗಾರರೊಬ್ಬರು ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ನಿಂತು ಶಾಫ್ಟಿನೊಳಗೆ (ಗಣಿಯ ನೇರ ಬಾವಿಯೊಳಗೆ) ಇಳಿಯುತ್ತಿದ್ದಾರೆ. ಇಳಿಯುವ ಜಾಗ ಹತ್ತಿರ ಬಂತು, ಕೇಜು ನಿಧಾನ ಆಗುತ್ತಿದೆ. ಸೆಕೆಂಡಿಗೆ 4 ಮೀಟರ್ ಇದ್ದ ವೇಗ ಮರು ಸೆಕೆಂಡಿಗೆ 3, ಆಮೇಲೆ 2. ಅವರ ಕಾಲಡಿ ತೂಕದ ಯಂತ್ರ ಇಟ್ಟಿದ್ದರೆ 60ಕ್ಕಿಂತ ಜಾಸ್ತಿ ತೋರಿಸುತ್ತದೋ, ಕಡಿಮೆಯೋ?

ಹೆಚ್ಚಿನವರು ಕಡಿಮೆ ಅಂತಾರೆ. ಕೆಳಗೆ ಹೋಗ್ತಿದೆ ಅಲ್ವಾ? ಉತ್ತರ 66 ಕೆಜಿ.

ಇಂಥ ಲೆಕ್ಕ ಕಂಡ ಕೂಡಲೇ ಮಕ್ಕಳು ಸೂತ್ರ ಹುಡುಕುತ್ತಾರೆ. ಸೂತ್ರಕ್ಕೆ ಕೈ ಹಾಕುವ ಮೊದಲು ಒಂದು ವಸ್ತುವನ್ನು ಆರಿಸಿಕೊಂಡು, ಅದನ್ನು ಯಾರು ಮುಟ್ಟಿದ್ದಾರೆ ಅಂತ ಕೇಳಬೇಕು. ಇಲ್ಲಿ ನಮ್ಮ ವಸ್ತು ಆ ಕೆಲಸಗಾರ. ಅವರನ್ನು ಮುಟ್ಟಿರುವುದು ಕಾಲ ಕೆಳಗಿನ ಯಂತ್ರ ಮಾತ್ರ, ಅದು ಮೇಲಕ್ಕೆ ತಳ್ಳುತ್ತದೆ. ಮುಟ್ಟದೆಯೇ ಎಳೆಯುವುದು ಭೂಮಿ. ಗುರುತ್ವದ ಬೆಲೆಯನ್ನು ಸುಲಭಕ್ಕೆ 10 ಅಂತ ಹಿಡಿದರೆ ಆ ಎಳೆತ 600 ನ್ಯೂಟನ್. ಮುಗಿಯಿತು, ಚಿತ್ರದಲ್ಲಿ ಬಲ ತೋರಿಸುವ ಬಾಣ ಎರಡೇ. ಕೇಜಿನ ಹಗ್ಗದ ಎಳೆತವನ್ನೂ ಮನುಷ್ಯನ ಮೇಲೆ ಬರೆದುಬಿಡುವವರು ಬಹಳ ಜನ. ಹಗ್ಗ ಅವರನ್ನು ಮುಟ್ಟೇ ಇಲ್ಲವಲ್ಲ!

ಇನ್ನು ಚಲನೆ. ಕೆಳಮುಖ ವೇಗ ಕುಗ್ಗುತ್ತಿದೆ ಅಂದರೆ ವೇಗೋತ್ಕರ್ಷ (ಪ್ರತಿ ಸೆಕೆಂಡಿಗೆ ವೇಗ ಬದಲಾಗುವ ಪ್ರಮಾಣ, ಇಲ್ಲಿ 1) ಮೇಲ್ಮುಖ. ಹಾಗಾಗಿ ಮೇಲಕ್ಕೆ ತಳ್ಳುವ ಬಲವೇ ದೊಡ್ಡದಿರಬೇಕು. ಎಷ್ಟು ದೊಡ್ಡದು? ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ: 60 ಗುಣಿಸು 1, ಅಂದರೆ 60 ನ್ಯೂಟನ್ ಜಾಸ್ತಿ. ಒಟ್ಟು 660, ಅದನ್ನು 10ರಿಂದ ಭಾಗಿಸಿದರೆ ಯಂತ್ರ ತೋರಿಸುವ 66 ಕೆಜಿ. ನಡುದಾರಿಯಲ್ಲಿ ಕೇಜು ಒಂದೇ ವೇಗದಲ್ಲಿ ಇಳಿಯುವಾಗ ಯಂತ್ರ ಸರಿಯಾಗಿ 60 ಕೆಜಿ ತೋರಿಸುತ್ತದೆ, ವೇಗ ಎಷ್ಟೇ ಇರಲಿ.

ಈ ಕೊನೆಯ ಮಾತು ಮನಸ್ಸಿಗೆ ಬೇಗ ಒಗ್ಗುವುದಿಲ್ಲ. ಸಾಗುತ್ತಿದೆ ಅಂದರೆ ಆ ಕಡೆಗೆ ಏನೋ ತಳ್ಳುತ್ತಿರಲೇಬೇಕು ಅನಿಸುತ್ತದೆ. ಅರಿಸ್ಟಾಟಲನಿಗೂ ಹಾಗೇ ಅನಿಸಿತ್ತು. ಗೆಲಿಲಿಯೊ ಅದನ್ನು ಅಲುಗಾಡಿಸಿದ, ತಳ್ಳದೆಯೂ ಒಂದೇ ವೇಗದಲ್ಲಿ ಸಾಗಬಹುದು ಅಂತ 1687ರಲ್ಲಿ ನ್ಯೂಟನ್ ನಿಯಮವಾಗಿ ಬರೆದಿಟ್ಟ. ತಪ್ಪು ನಮ್ಮ ಬುದ್ಧಿಯದ್ದಲ್ಲ, ಘರ್ಷಣೆಯದ್ದು ಅಂತ ನನ್ನ ವಾದ. ಸಂಡೂರಿನ ಅದಿರು ಲಾರಿಯೂ ಸಮನೆಲದಲ್ಲಿ ಎಂಜಿನ್ ಬಂದ್ ಮಾಡಿದರೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ದಿನಾ ಅದನ್ನೇ ನೋಡುವವರಿಗೆ ಬೇರೆ ಹೇಗೆ ಅನಿಸೀತು?

ಈಗ ಹಗ್ಗದ ಎಳೆತ ಬೇಕು ಅನ್ನಿ. ಆಗ ವಸ್ತುವನ್ನೇ ಬದಲಿಸಿ: ಜನರೂ ಸೇರಿ ಇಡೀ ಕೇಜು, 2000 ಕೆಜಿ. ಮನುಷ್ಯ ಮತ್ತು ಯಂತ್ರದ ನಡುವಿನ ತಳ್ಳಾಟ ಒಳಮನೆಯ ವ್ಯವಹಾರವಾಯಿತು, ಲೆಕ್ಕದಿಂದ ಹೊರಗೆ. ಭೂಮಿಯ ಎಳೆತ 20,000, ನಿಧಾನ ಮಾಡಲು ಇನ್ನೂ 2000: ಕೇಜು ನಿಧಾನ ಆಗುವಾಗ ಹಗ್ಗದ ಮೇಲೆ 22,000 ನ್ಯೂಟನ್.

ಇಳಿಜಾರಿನ ಲೆಕ್ಕಕ್ಕೆ ಗಂಗಾವತಿಯ ರೈಸ್ ಮಿಲ್ಲಿಗೆ ಬನ್ನಿ. ಹಮಾಲರು 75 ಕೆಜಿ ಭತ್ತದ ಚೀಲವನ್ನು ಹಲಗೆಯ ಮೇಲೆ ಕೆಳಕ್ಕೆ ಜಾರಲು ಬಿಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಹಲಗೆ 4 ಮೀಟರ್ ಉದ್ದ, ಮೇಲಿನ ತುದಿ 2 ಮೀಟರ್ ಎತ್ತರದಲ್ಲಿದೆ. ಕೋನ 30 ಡಿಗ್ರಿ. ಚೀಲವನ್ನು ಮುಟ್ಟಿರುವುದು ಹಲಗೆ ಒಂದೇ, ಆದರೆ ಅದು ಎರಡು ಕೆಲಸ ಮಾಡುತ್ತದೆ: ತನಗೆ ನೇರ ಹೊರಕ್ಕೆ ತಳ್ಳುತ್ತದೆ, ಜಾರದಂತೆ ಹಿಂದಕ್ಕೂ ಎಳೆಯುತ್ತದೆ. ಭೂಮಿಯ 750 ನ್ಯೂಟನ್ ಎಳೆತದಲ್ಲಿ ಹಲಗೆಗುಂಟ ಬರುವ ಪಾಲು 375, ಹಲಗೆಯನ್ನು ಒತ್ತುವ ಪಾಲು ಸುಮಾರು 650. ಘರ್ಷಣಾಂಕ (ಒತ್ತುವ ಬಲದ ಎಷ್ಟು ಪಾಲು ಘರ್ಷಣೆ ಅನ್ನುವ ಸಂಖ್ಯೆ) 0.5 ಆದರೆ ಘರ್ಷಣೆ 325. ಉಳಿದ 50 ನ್ಯೂಟನ್ನನ್ನು 75ರಿಂದ ಭಾಗಿಸಿ. ವೇಗ ಪ್ರತಿ ಸೆಕೆಂಡಿಗೂ ಸುಮಾರು 0.67 ಮೀಟರಿನಷ್ಟು ಏರುತ್ತದೆ.

ಅರ್ಧ ತುಂಬಿದ ಚೀಲವಾದರೆ? ಎಲ್ಲ ಬಲಗಳೂ ಅರ್ಧ, ದ್ರವ್ಯರಾಶಿಯೂ ಅರ್ಧ. ಉತ್ತರ ಅದೇ.

ಹಾಗಾದರೆ 0.5 ಎಲ್ಲಿಂದ ಬಂತು? ಸುಮ್ನೆ ಊಹಿಸಿದ್ದು. ಬೇಕಿದ್ದರೆ ನೀವೇ ಅಳೆಯಬಹುದು, ಒಂದು ಟೇಪ್ ಸಾಕು. ಚೀಲ ಇಟ್ಟು ಹಲಗೆಯ ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಿ. ಚೀಲ ಕದಲಿದ ಕೂಡಲೇ ನಿಲ್ಲಿಸಿ, ತುದಿಯ ಎತ್ತರವನ್ನು ನೆಲದ ಮೇಲಿನ ಅಡ್ಡ ಅಳತೆಯಿಂದ ಭಾಗಿಸಿ. ಸಿಗುವುದು ನಿಂತ ಚೀಲದ ಘರ್ಷಣಾಂಕ. ಜಾರುವ ಚೀಲದ್ದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಹಾಗಾಗಿ ಒಮ್ಮೆ ಕದಲಿದ ಚೀಲ ನಡುವೆ ನಿಲ್ಲದೆ ಕೆಳಗಿನವರೆಗೂ ಬರುತ್ತದೆ. ಹಲಗೆಯ ಬುಡದಲ್ಲಿ ಯಾರನ್ನೂ ನಿಲ್ಲಿಸಬೇಡಿ.