ಹಾರ್ಡ್ ಡಿಸ್ಕ್ ಕೊಳ್ಳುವ ಮುಂಚೆ ಒಳಗೊಮ್ಮೆ ಇಣುಕಿ

ಕೆಟ್ಟುಹೋದ ಹಾರ್ಡ್ ಡಿಸ್ಕ್ ಸಿಕ್ಕರೆ ಒಮ್ಮೆ ಬಿಚ್ಚಿ ನೋಡಿ. ನಾನು ಬಿಚ್ಚಿದ್ದು ನನ್ನದೇ ಹಳೆಯ ಕಂಪ್ಯೂಟರಿನದು. ಮುಚ್ಚಳದ ತುಂಬ ನಕ್ಷತ್ರದ ಆಕಾರದ ಸಣ್ಣ ಸ್ಕ್ರೂಗಳು. ಒಂದಂತೂ ಲೇಬಲ್ಲಿನ ಕೆಳಗೆ ಅಡಗಿ ಕೂತಿತ್ತು. ಮುಚ್ಚಳ ಎತ್ತಿದರೆ ಒಳಗೆ ಕನ್ನಡಿಯ ಹಾಗೆ ಹೊಳೆಯುವ ತಟ್ಟೆ. ಬಗ್ಗಿದರೆ ನನ್ನ ಮುಖವೇ ಕಾಣುತ್ತಿತ್ತು. ಪಕ್ಕದಲ್ಲಿ ತೆಳ್ಳನೆಯ ಒಂದು ತೋಳು, ಅದರ ತುದಿಯಲ್ಲಿ ಎಳ್ಳಿಗಿಂತ ಚಿಕ್ಕದಾದ ಹೆಡ್, ತಟ್ಟೆಯ ಮೇಲೆ ಓದುವ ಬರೆಯುವ ಭಾಗ. ತಟ್ಟೆಯ ಮೇಲೆ ಸುತ್ತಲೂ ಕೂದಲೆಳೆಯಂಥ ಒಂದು ಗೀರು. ನಾಲ್ಕು ವರ್ಷದ ಫೋಟೊಗಳು ಹೋಗಿದ್ದು ಆ ಗೀರಿನಿಂದ.

ಆ ಗೀರು ಹೇಗಾಯಿತು ಅಂತ ಗೊತ್ತಾದರೆ, ಯಾವ ಡಿಸ್ಕ್ ಕೊಳ್ಳಬೇಕು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. 3.5 ಇಂಚಿನ ಮಾಮೂಲಿ ಡಿಸ್ಕಿನಲ್ಲಿ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಆಗ ತಟ್ಟೆಯ ಅಂಚಿನ ವೇಗ ಗಂಟೆಗೆ 125 ಕಿಲೋಮೀಟರಿಗೂ ಜಾಸ್ತಿ. ಹೆಡ್ ಆ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆಯ ಜೊತೆ ಸುತ್ತುವ ಗಾಳಿಯ ಪದರದ ಮೇಲೆ ತೇಲುತ್ತದೆ. ಎಷ್ಟು ಎತ್ತರದಲ್ಲಿ? ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಹೆಡ್‌ನ ಪಾಲಿಗೆ ಒಂದು ಬೆರಳಚ್ಚು ಕೂಡ ಗುಡ್ಡದಷ್ಟು ಎತ್ತರ. ತಟ್ಟೆ ತಿರುಗುತ್ತಿರುವಾಗ ಒಮ್ಮೆ ಕುಕ್ಕಿದರೆ ಸಾಕು, ಹೆಡ್ ಹೋಗಿ ತಟ್ಟೆಗೆ ಉಜ್ಜುತ್ತದೆ. ಓಡುತ್ತಿದ್ದ ಕಂಪ್ಯೂಟರನ್ನು ಮೇಜಿನಿಂದ ನೆಲಕ್ಕಿಳಿಸುವಾಗ ನನ್ನ ಕೈ ಜಾರಿತ್ತು.

ಆ ಪುಟ್ಟ ಹೆಡ್ ಸುಮ್ನೆ ಬಂದದ್ದಲ್ಲ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಡ್ರೈವಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ತೂಕ ಸುಮಾರು ಒಂದು ಟನ್. ಹಿಡಿಸುತ್ತಿದ್ದದ್ದು ಮಾತ್ರ 4 ಎಂಬಿಗೂ ಕಡಿಮೆ. ಈಗಿನ ಫೋನಿನ ಎಷ್ಟೋ ಫೋಟೊಗಳಲ್ಲಿ ಒಂದೊಂದೇ ಅದಕ್ಕಿಂತ ದೊಡ್ಡದು. 1988ರಲ್ಲಿ ಫ್ರಾನ್ಸಿನ ಆಲ್ಬೇರ್ ಫೆರ್, ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಇಬ್ಬರೂ ಬೇರೆಬೇರೆಯಾಗಿ ಒಂದು ವಿಷಯ ಕಂಡುಕೊಂಡರು. ಕೆಲವೇ ಪರಮಾಣುಗಳಷ್ಟು ತೆಳುವಾದ ಲೋಹದ ಪದರಗಳನ್ನು ಒಂದರ ಮೇಲೊಂದು ಕೂರಿಸಿದರೆ, ಹತ್ತಿರದ ಕಾಂತಶಕ್ತಿಗೆ ತಕ್ಕಂತೆ ಅವುಗಳ ವಿದ್ಯುತ್ ತಡೆ ಎದ್ದು ಕಾಣುವಷ್ಟು ಬದಲಾಗುತ್ತದೆ. 1997ರ ಹೊತ್ತಿಗೆ ಈ ಗುಣ ಡಿಸ್ಕಿನ ಹೆಡ್‌ಗೆ ಬಂತು. ತಟ್ಟೆಯ ಮೇಲೆ ಮಾಹಿತಿ ಹಿಡಿದಿಡುವ ಕಾಂತದ ಗುರುತು ತೀರ ಮಸುಕಾಗಿದ್ದರೂ ಓದಲು ಸಾಧ್ಯವಾಯಿತು, ಹಾಗಾಗಿ ಗುರುತುಗಳನ್ನು ಇನ್ನಷ್ಟು ಚಿಕ್ಕದಾಗಿ ಒತ್ತೊತ್ತಾಗಿ ಬರೆಯಬಹುದಾಯಿತು. ಇಬ್ಬರಿಗೂ 2007ರಲ್ಲಿ ನೊಬೆಲ್ ಬಂತು. ಇಷ್ಟು ದೊಡ್ಡ ವಿಜ್ಞಾನ ಇಷ್ಟು ಸಣ್ಣ ಜಾಗದಲ್ಲಿ ಕೂತಿರುವುದನ್ನು ನೋಡಿದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಇಷ್ಟೆಲ್ಲ ಆದರೂ ತಟ್ಟೆಯ ಡಿಸ್ಕಿಗೆ ಕಾಯುವ ಕಷ್ಟ ತಪ್ಪಿಲ್ಲ. ತೋಳು ಸರಿಯಾದ ಜಾಗಕ್ಕೆ ಸರಿಯಬೇಕು, ಆಮೇಲೆ ಬೇಕಾದ ಮಾಹಿತಿ ಹೆಡ್‌ನ ಕೆಳಗೆ ಸುತ್ತಿ ಬರಬೇಕು. ಎರಡೂ ಸೇರಿ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಕೇಳಲು ಕಡಿಮೆ ಅನ್ನಿಸುತ್ತದೆ ಅಲ್ವಾ? ಆದರೆ ಹಾಗೆ ಕಾಯುತ್ತಾ ಹೋದರೆ ಒಂದು ಸೆಕೆಂಡಿನಲ್ಲಿ ಎಂಬತ್ತರಿಂದ ನೂರು ಕಡೆ ಓದುವುದರೊಳಗೆ ಮುಗಿಯಿತು. ಕಂಪ್ಯೂಟರ್ ಆನ್ ಆಗುವಾಗ ಸಾವಿರಾರು ಪುಟ್ಟ ಫೈಲುಗಳನ್ನು ಚದುರಿದ ಜಾಗಗಳಿಂದ ಹೆಕ್ಕಿ ತರಬೇಕು. ನಾವು ಕೈಕಟ್ಟಿ ಕೂರುವುದು ಅದಕ್ಕೇ. ಅದೇ ಡಿಸ್ಕು ಒಂದು ದೊಡ್ಡ ವಿಡಿಯೊವನ್ನು ಒಂದೇ ಸಮ ಓದುವಾಗ ಸೆಕೆಂಡಿಗೆ 150ರಿಂದ 250 ಎಂಬಿ ಕೊಡುತ್ತದೆ, ಒಂದು ಚೂರೂ ತಡವರಿಸುವುದಿಲ್ಲ.

ತಟ್ಟೆಯ ಬದಲು ಚಿಪ್ಪಿನಲ್ಲಿ ಮಾಹಿತಿ ಇಡುವ ಇನ್ನೊಂದು ಬಗೆಯ ಡಿಸ್ಕು ಎಸ್‌ಎಸ್‌ಡಿ. ಅದರಲ್ಲಿ ತಿರುಗುವಂಥದ್ದು, ಸರಿಯುವಂಥದ್ದು ಏನೂ ಇಲ್ಲ. ಚಿಪ್ಪಿನ ಒಳಗಿನ ಕೋಟ್ಯಂತರ ಪುಟ್ಟ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿರುತ್ತಾರೆ. ಯಾವ ಮೂಲೆಯಿಂದ ಕೇಳಿದರೂ ಉತ್ತರ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸಿನಲ್ಲಿ ಬರುತ್ತದೆ. ಅಂದರೆ ನೂರು ಪಟ್ಟು ಬೇಗ. ಆಪರೇಟಿಂಗ್ ಸಿಸ್ಟಂ ಮತ್ತು ಪ್ರೋಗ್ರಾಮುಗಳು ಇರುವ ಡಿಸ್ಕು ಎಸ್‌ಎಸ್‌ಡಿಯೇ ಆಗಿರಬೇಕು. ಈ ಒಂದು ಮಾತಿನಲ್ಲಿ ನನಗೆ ಅನುಮಾನವೇ ಇಲ್ಲ. ಹಳೆಯ ಕಂಪ್ಯೂಟರಿಗೆ ಬೇರೇನೂ ಮಾಡದೆ ಇದೊಂದು ಬದಲಾಯಿಸಿದರೂ ಅದಕ್ಕೆ ಹೊಸ ಜೀವ ಬಂದಂತೆ.

ಎಸ್‌ಎಸ್‌ಡಿಯಲ್ಲೂ ಬಗೆಗಳಿವೆ. ಸಾಟಾ, ಎನ್‌ವಿಎಂಇ ಅನ್ನುವುದು ಡಿಸ್ಕು ಕಂಪ್ಯೂಟರಿನ ಜೊತೆ ಮಾತಾಡುವ ಎರಡು ವಿಧಾನ. ಸಾಟಾ ಬಗೆಯದ್ದು ಸೆಕೆಂಡಿಗೆ ಸುಮಾರು 550 ಎಂಬಿ ಕೊಡುತ್ತದೆ. ಎನ್‌ವಿಎಂಇ ಬಗೆಯದ್ದು 3500, 7000 ಹೀಗೆ ಹೋಗುತ್ತದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಈ ಸಂಖ್ಯೆ ದೊಡ್ಡ ಫೈಲನ್ನು ಒಂದೇ ಸಮ ಓದುವಾಗಿನದು. ಬ್ರೌಸರ್ ತೆರೆಯುವುದು, ಪತ್ರ ಬರೆಯುವುದು, ಸಿನಿಮಾ ನೋಡುವುದು ಇಷ್ಟೇ ಕೆಲಸವಾದರೆ ಎರಡರ ನಡುವಿನ ವ್ಯತ್ಯಾಸ ನಿಮಗೆ ಗೊತ್ತೇ ಆಗುವುದಿಲ್ಲ. ದಿನಾ ದೊಡ್ಡ ವಿಡಿಯೊಗಳನ್ನು ಎಡಿಟ್ ಮಾಡುವವರಿಗೆ ಖಂಡಿತ ಗೊತ್ತಾಗುತ್ತದೆ. ಇನ್ನೊಂದು, 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ, ಮದರ್‌ಬೋರ್ಡಿಗೇ ನೇರ ಸಿಕ್ಕಿಸುವ ಎಂ.2 ಪಟ್ಟಿ ಸಾಟಾ ಬಗೆಯದ್ದೂ ಇರಬಹುದು, ಎನ್‌ವಿಎಂಇ ಬಗೆಯದ್ದೂ ಇರಬಹುದು. ನಿಮ್ಮ ಮದರ್‌ಬೋರ್ಡಿಗೆ ಯಾವುದು ಒಗ್ಗುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಟಿಎಲ್‌ಸಿ, ಕ್ಯೂಎಲ್‌ಸಿ ಅನ್ನುವ ಪದಗಳನ್ನೂ ನೋಡುತ್ತೀರಿ. ಒಂದು ಕೋಶದಲ್ಲಿ ಎಷ್ಟು ಬಿಟ್ (0 ಅಥವಾ 1) ಕೂಡಿಡುತ್ತಾರೆ ಅನ್ನುವುದನ್ನು ಇವು ಹೇಳುತ್ತವೆ. ಒಂದು ಲೋಟದಲ್ಲಿ ನೀರಿನ ಮಟ್ಟ ನೋಡಿ ಲೆಕ್ಕ ಹಿಡಿಯುತ್ತೀರಿ ಅಂದುಕೊಳ್ಳಿ. ಕೋಶವೇ ಲೋಟ, ಎಲೆಕ್ಟ್ರಾನುಗಳೇ ನೀರು. ಟಿಎಲ್‌ಸಿ ಕೋಶದಲ್ಲಿ 3 ಬಿಟ್ ಇರುತ್ತವೆ, ಅಂದರೆ 8 ಮಟ್ಟಗಳನ್ನು ಗುರುತಿಸಬೇಕು. ಕ್ಯೂಎಲ್‌ಸಿಯಲ್ಲಿ 4 ಬಿಟ್, ಹಾಗಾಗಿ 16 ಮಟ್ಟ. ಲೋಟ ಅಷ್ಟೇ, ಗೆರೆಗಳು ಮಾತ್ರ ಇನ್ನೂ ಹತ್ತಿರ. ತುಂಬುವಾಗ ಜಾಸ್ತಿ ಜೋಪಾನ ಬೇಕು, ಅದಕ್ಕೇ ನಿಧಾನ. ಈ ನಿಧಾನ ಕಾಣದಿರಲಿ ಅಂತ ಎಸ್‌ಎಸ್‌ಡಿ ಮೊದಲು ಬಂದದ್ದನ್ನೆಲ್ಲ ಚಿಪ್ಪಿನ ಒಂದು ಭಾಗದಲ್ಲಿ ಕೋಶಕ್ಕೆ ಒಂದೇ ಬಿಟ್‌ನಂತೆ ಗಡಿಬಿಡಿಯಲ್ಲಿ ಇಳಿಸಿಕೊಳ್ಳುತ್ತದೆ. ಆ ಜಾಗ ತುಂಬಿದ ಮೇಲೆ ಕ್ಯೂಎಲ್‌ಸಿಯ ಬರೆಯುವ ವೇಗ ತಟ್ಟೆಯ ಡಿಸ್ಕಿಗಿಂತ ಕೆಳಗೆ ಇಳಿಯುವುದೂ ಉಂಟು. ಮುಖ್ಯ ಡಿಸ್ಕಿಗೆ ನಾನು ಟಿಎಲ್‌ಸಿಯನ್ನೇ ಆರಿಸಿಕೊಳ್ಳುತ್ತೇನೆ.

ಬರೆದು ಬರೆದು ಎಸ್‌ಎಸ್‌ಡಿ ಸವೆಯುತ್ತದಂತೆ, ಹೌದಾ ಅಂತ ಬಹಳ ಜನ ಕೇಳುತ್ತಾರೆ. ಸವೆಯುವುದು ನಿಜ. ಆದರೆ 1 ಟಿಬಿಯ ಒಳ್ಳೆಯ ಟಿಎಲ್‌ಸಿ ಡಿಸ್ಕಿಗೆ ತಯಾರಕರು ಸಾಮಾನ್ಯವಾಗಿ 600 ಟಿಬಿ ಬರೆಯುವವರೆಗೆ ಭರವಸೆ ಕೊಡುತ್ತಾರೆ. ದಿನಕ್ಕೆ 30 ಜಿಬಿ ಬರೆದರೂ ವರ್ಷಕ್ಕೆ 11 ಟಿಬಿ. ಐವತ್ತು ವರ್ಷ ಬೇಕು! ಚಿಂತೆ ಮಾಡಬೇಕಾದದ್ದು ಬೇರೆ. ಎಸ್‌ಎಸ್‌ಡಿ ಒಮ್ಮೊಮ್ಮೆ ಯಾವ ಸೂಚನೆಯೂ ಇಲ್ಲದೆ ಒಂದೇ ಏಟಿಗೆ ಮೂಕವಾಗುತ್ತದೆ. ಕರೆಂಟಿಲ್ಲದೆ ವರ್ಷಗಟ್ಟಲೆ ಬಿಟ್ಟರೆ ಕೂಡಿಟ್ಟ ಎಲೆಕ್ಟ್ರಾನುಗಳು ಮೆಲ್ಲಗೆ ಸೋರುತ್ತವೆ, ಸೆಕೆಯಲ್ಲಿ ಇನ್ನೂ ಬೇಗ. ಫೋಟೊ ತುಂಬಿ ಕಪಾಟಿನಲ್ಲಿಟ್ಟು ಮರೆಯಲು ಅದು ತಕ್ಕದ್ದಲ್ಲ.

ಆ ಕೆಲಸಕ್ಕೆ ತಟ್ಟೆಯ ಡಿಸ್ಕೇ ವಾಸಿ. ಜಾಗ ಜಾಸ್ತಿ, ಟಿಬಿಗೆ ಲೆಕ್ಕ ಹಾಕಿದರೆ ಅಗ್ಗ. ಆದರೆ ಅಲ್ಲೂ ಒಂದು ವಿಷಯ ಕೇಳಿಕೊಳ್ಳಿ: ಅದು ಸಿಎಂಆರ್ ಬಗೆಯದೋ, ಎಸ್‌ಎಂಆರ್ ಬಗೆಯದೋ? ಬರೆಯುವ ಹೆಡ್‌ನ ಗೆರೆ ಅಗಲ, ಓದುವ ಹೆಡ್‌ಗೆ ಸಣ್ಣ ಗೆರೆ ಸಾಕು. ಹಾಗಾದರೆ ಒಂದು ಗೆರೆಯ ಅಂಚಿನ ಮೇಲೆ ಇನ್ನೊಂದನ್ನು ಹತ್ತಿಸಿ ಬರೆದರೆ ಜಾಗ ಉಳಿಯಿತಲ್ಲ? ಸಿಎಂಆರ್‌ನಲ್ಲಿ ಗೆರೆಗಳು ಒಂದರ ಮೇಲೊಂದು ಹತ್ತುವುದಿಲ್ಲ. ಎಸ್‌ಎಂಆರ್ ಮಾಡುವುದು ಇದನ್ನೇ, ಸೂರಿಗೆ ಹೆಂಚು ಹೊದಿಸಿದ ಹಾಗೆ. ನಡುವಿನ ಹೆಂಚೊಂದನ್ನು ಬದಲಿಸಬೇಕಾದರೆ ಅದರ ಮೇಲೆ ಕೂತ ಹೆಂಚುಗಳನ್ನು ಸರಿಸಲೇಬೇಕು. ಇಲ್ಲೂ ಹಾಗೆಯೇ, ಒಂದು ಗೆರೆ ತಿದ್ದಲು ಪಕ್ಕದ ಎಷ್ಟೋ ಗೆರೆಗಳನ್ನು ಮತ್ತೆ ಬರೆಯಬೇಕು. ಒಮ್ಮೆ ತುಂಬಿ ಓದುತ್ತಾ ಇರುವ ಫೋಟೊ, ಸಿನಿಮಾಗಳಿಗೆ ಎಸ್‌ಎಂಆರ್ ನಡೆಯುತ್ತದೆ. ದಿನಾ ಅಳಿಸಿ ಬರೆಯುವ ಕೆಲಸಕ್ಕೆ, ಹಲವು ಡಿಸ್ಕುಗಳನ್ನು ಸೇರಿಸಿ ಓಡಿಸುವ ರೇಡ್ ಜೋಡಣೆಗೆ ಸಿಎಂಆರ್ ಬೇಕು. ಡಬ್ಬದ ಮೇಲೆ ಇದನ್ನು ಬರೆದಿರುವುದು ಅಪರೂಪ. ತಯಾರಕರ ವಿವರದ ಹಾಳೆಯಲ್ಲಿ ಮಾಡೆಲ್ ನಂಬರ್ ಹಾಕಿ ಹುಡುಕಿ.

1 ಟಿಬಿ ಡಿಸ್ಕ್ ಹಾಕಿದಾಗ ವಿಂಡೋಸ್ 931 ಜಿಬಿ ಅಂತ ತೋರಿಸಿದರೆ ಗಾಬರಿಯಾಗಬೇಡಿ. ತಯಾರಕರದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ, ಅಷ್ಟೇ. ಆದರೆ ಗುಬ್ಬಚ್ಚಿ ಗಾತ್ರದ ಡಬ್ಬಿಯಲ್ಲಿ ಹತ್ತಾರು ಟಿಬಿ, ಅದೂ ಚಿಲ್ಲರೆ ಕಾಸಿಗೆ ಅಂದರೆ ಹತ್ತಿರ ಹೋಗಬೇಡಿ. ಒಳಗಿನ ತಂತ್ರಾಂಶಕ್ಕೆ ಸುಳ್ಳು ಅಳತೆ ಹೇಳಿಕೊಟ್ಟಿರುತ್ತಾರೆ. ಜಾಗ ಮುಗಿದ ಮೇಲೂ ಅದು ಸುಮ್ಮನೆ ಬರೆಸಿಕೊಳ್ಳುತ್ತದೆ, ಹಳೆಯ ಫೈಲುಗಳು ಹಾಳಾಗಿರುತ್ತವೆ.

ನನ್ನ ಕಂಪ್ಯೂಟರಿನಲ್ಲಿ ಈಗ 1 ಟಿಬಿ ಎಸ್‌ಎಸ್‌ಡಿ ಒಂದಿದೆ, ಫೋಟೊ ವಿಡಿಯೊಗಳಿಗೆ 8 ಟಿಬಿ ತಟ್ಟೆಯ ಡಿಸ್ಕಿದೆ. ಅದೇ ಅಳತೆಯ ಇನ್ನೊಂದು ಡಿಸ್ಕು ಬೇರೆ ಕೋಣೆಯ ಡ್ರಾಯರಿನಲ್ಲಿದೆ. ತಿಂಗಳಿಗೊಮ್ಮೆ ತೆಗೆದು ಹೊಸದನ್ನೆಲ್ಲ ನಕಲು ಮಾಡಿ ಮತ್ತೆ ಅಲ್ಲೇ ಇಡುತ್ತೇನೆ. ವಾರಂಟಿಯಲ್ಲಿ ಹೊಸ ಡಿಸ್ಕ್ ಕೊಡುತ್ತಾರೆ, ಫೋಟೊ ಕೊಡುವುದಿಲ್ಲ. ನಿಮ್ಮ ಬಳಿ ಇರುವ ಹಣಕ್ಕೆ ಒಂದು ದೊಡ್ಡದೋ ಎರಡು ಚಿಕ್ಕದೋ ಅಂತ ಯೋಚನೆ ಬಂದರೆ ಎರಡು ಚಿಕ್ಕದನ್ನೇ ಕೊಳ್ಳಿ.

ತಂದ ದಿನವೇ ಫೋಟೊ ತುಂಬಲು ಹೋಗಬೇಡಿ. ತಟ್ಟೆಯ ಡಿಸ್ಕನ್ನು ಮೊದಲು ಈ ತುದಿಯಿಂದ ಆ ತುದಿಯವರೆಗೆ ಬರೆದು, ಬರೆದದ್ದನ್ನು ಓದಿ ನೋಡುವ ಉಚಿತ ತಂತ್ರಾಂಶಗಳಿವೆ. 8 ಟಿಬಿಗೆ ಬರೆಯಲು ಸುಮಾರು ಹನ್ನೆರಡು ಗಂಟೆ, ಓದಲು ಅಷ್ಟೇ ಹೊತ್ತು. ಸಂಜೆ ಹಚ್ಚಿ ಬಿಟ್ಟರೆ ಮಾರನೆಯ ದಿನ ಅದೇ ಹೊತ್ತಿಗೆ ಮುಗಿದಿರುತ್ತದೆ. ಒಂದೇ ಒಂದು ತಪ್ಪು ಕಂಡರೂ ಡಿಸ್ಕನ್ನು ವಾಪಸ್ ಕೊಡಿ. ಏನೂ ಬರದಿದ್ದರೆ ಫೋಟೊಗಳನ್ನು ಹಾಕಲು ಶುರುಮಾಡಿ, ಹಳೆಯವುಗಳಿಂದಲೇ.