ಪಿ.ಡಿ. ಸರ್ ಆಗಲು ಏನು ಓದಬೇಕು? ಒಂದು ಹುದ್ದೆ, ನೂರು ವರ್ಷದ ಗೊಂದಲ

ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಎಲ್ಲರೂ ಪಿ.ಡಿ. (ಫಿಸಿಕಲ್ ಡೈರೆಕ್ಟರ್) ಅನ್ನುವವರು, ಆಗಬೇಕಾದರೆ ಇವತ್ತು ಸಾಲು ಸಾಲು ಬಾಗಿಲು ದಾಟಬೇಕು. ದೈಹಿಕ ಶಿಕ್ಷಣ ಅಥವಾ ಕ್ರೀಡಾ ವಿಜ್ಞಾನದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಕಾಲೇಜು ಶಿಕ್ಷಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯದ್ದು) ಪಾಸಾಗಿರಬೇಕು, ಇಲ್ಲವೇ ನಿಯಮಕ್ಕೆ ಒಪ್ಪುವ ಪಿಎಚ್.ಡಿ. ಇರಬೇಕು. ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಪರವಾಗಿ ಆಡಿದ ದಾಖಲೆ ತೋರಿಸಬೇಕು. ಕೊನೆಗೆ ಓಡಲೂ ಬೇಕು. 30 ವರ್ಷದೊಳಗಿನ ಗಂಡಸರಿಗೆ 12 ನಿಮಿಷದಲ್ಲಿ 1800 ಮೀಟರ್, ಹೆಂಗಸರಿಗೆ 8 ನಿಮಿಷದಲ್ಲಿ 1000 ಮೀಟರ್. ಇದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2018ರ ನಿಯಮ.

ಇಷ್ಟೆಲ್ಲ ದಾಟಿ ಬಂದವರು ಕಾಲೇಜಿನಲ್ಲಿ ಮಾಡುವ ಕೆಲಸವೇ ಬೇರೆ.

ನಾನು ಡಿಗ್ರಿಯಲ್ಲಿದ್ದಾಗ ಖೋಖೋ ತಂಡದಲ್ಲಿದ್ದೆ. ಅಂತರ ಕಾಲೇಜು ಪಂದ್ಯದ ದಿನ ನಮ್ಮ ಪಿ.ಡಿ. ಸರ್ ಬೆಳಗಿನ ಐದೂವರೆಗೇ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಿದ್ದರು. ಕಂಕುಳಲ್ಲಿ ಒಂದು ದಪ್ಪ ಫೈಲು. ಅದರೊಳಗೆ ಹನ್ನೆರಡು ಹುಡುಗರ ಎಲಿಜಿಬಿಲಿಟಿ ಫಾರ್ಮು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಫೀ ರಸೀದಿ, ಫೋಟೋದ ಮೇಲೆ ಅರ್ಧ ಬೀಳುವಂತೆ ಹಾಕಿಸಿದ ಕಾಲೇಜಿನ ಸೀಲು. ಒಂದು ಸಲ ಒಬ್ಬ ಹುಡುಗನ ಫಾರ್ಮಿನಲ್ಲಿ ಆ ಸೀಲು ಬಿದ್ದಿರಲಿಲ್ಲ. ಸರ್ ರಜೆಯಲ್ಲಿದ್ದರು, ಬದಲಿಗೆ ಬಂದಿದ್ದ ಮೇಷ್ಟ್ರಿಗೆ ಅದು ಗೊತ್ತಾಗಲಿಲ್ಲ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುತ್ತಿದ್ದ ಹುಡುಗ ಅವನು. ಅವನನ್ನು ಆಡಲು ಬಿಡಲಿಲ್ಲ, ಇಡೀ ದಿನ ನಮ್ಮ ಚೀಲ ಕಾಯುತ್ತಾ ಕೂತ. ಅವನಿಗೆ ಅದು ಕೊನೇ ವರ್ಷ.

ಈ ಕೆಲಸ ಎಷ್ಟು ಮುಖ್ಯ ಅನ್ನೋದು ನನಗೆ ತಿಳಿದದ್ದು ಅವತ್ತು. ಮೈದಾನಕ್ಕೆ ಸುಣ್ಣ ಹಾಕಿಸುವುದು, ಡ್ರಾ ಎತ್ತಿ ಯಾರಿಗೆ ಬೈ (ಆಡದೆಯೇ ಮುಂದಿನ ಸುತ್ತು) ಅಂತ ತೀರ್ಮಾನಿಸುವುದು, ಟಿಎ-ಡಿಎ ಬಿಲ್ಲು, ಚೆಂಡು ಮತ್ತು ನೆಟ್ಟಿಗೆ ಕೊಟೇಶನ್, ಆಂಬುಲೆನ್ಸ್, ತೀರ್ಪುಗಾರರ ಊಟ. ಎಲ್ಲವೂ ಆಡಳಿತದ ಕೆಲಸ. ಆದರೆ ಈ ಹುದ್ದೆಯವರನ್ನು ಆಡಳಿತಗಾರ ಅಂತ ಯಾರೂ ಕರೆಯುವುದಿಲ್ಲ. ಮೇಷ್ಟ್ರು ಅಂತ ಪೂರ್ತಿ ಒಪ್ಪುವುದೂ ಇಲ್ಲ.

ಇದರ ಬೇರು ಹಳೆಯದು. ಮೊದಲು ಗರಡಿಯ ಉಸ್ತಾದರು, ಸೇನೆಯಿಂದ ಬಂದ ಡ್ರಿಲ್ ಮಾಸ್ತರರು ಇದ್ದರು. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ಶುರುವಾಯಿತು. ಕಟ್ಟಿದವರು ಅಮೆರಿಕದಿಂದ ಬಂದ ಹ್ಯಾರಿ ಕ್ರೋ ಬಕ್. ಮೈದಾನದಲ್ಲಿ ಪಾಠ ಹೇಳುತ್ತಿದ್ದ ಇದೇ ಬಕ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಮ್ಯಾನೇಜರ್ ಕೂಡ ಆಗಿದ್ದರು. ಕಲಿಸುವುದು, ನಡೆಸುವುದು ಎರಡೂ ಅವರ ಕೈಯಲ್ಲೇ ಇತ್ತು. 1957ರಲ್ಲಿ ಕೇಂದ್ರ ಸರ್ಕಾರ ಗ್ವಾಲಿಯರ್‌ನಲ್ಲಿ ಲಕ್ಷ್ಮೀಬಾಯಿ ಕಾಲೇಜು ತೆರೆಯಿತು. ಆಮೇಲೆ ಮೈಸೂರು, ಬೆಂಗಳೂರು, ಧಾರವಾಡ, ಮಂಗಳಗಂಗೋತ್ರಿ, ಶಂಕರಘಟ್ಟ ಅಂತ ನಮ್ಮ ವಿಶ್ವವಿದ್ಯಾಲಯಗಳಲ್ಲೂ ದೈಹಿಕ ಶಿಕ್ಷಣ ವಿಭಾಗಗಳು ಬಂದವು.

1986ರ ವೇತನ ಪರಿಷ್ಕರಣೆಯ ಹೊತ್ತಿಗೆ ಈ ಹುದ್ದೆಗೂ ಉಪನ್ಯಾಸಕರ ಸಮಾನ ಸಂಬಳ ಅಂತಾಯಿತು. ಅದು ದೊಡ್ಡ ಗೆಲುವು. ಆದರೆ ಸಂಬಳ ಸಮ ಆದಾಗ ಓದೂ ಸಮ ಇರಬೇಕು ಅಂತ ಬಂತು. ಸಂಶೋಧನೆ, ನೆಟ್, ಪಿಎಚ್.ಡಿ. ಎಲ್ಲ ಒಂದರ ಹಿಂದೆ ಒಂದು ಈ ಹುದ್ದೆಗೂ ಅಂಟಿಕೊಂಡವು. ಇತಿಹಾಸದ ಮೇಷ್ಟ್ರಿಗೆ ಹೊಲಿಸಿದ ಅಂಗಿಯನ್ನೇ ಇವರಿಗೂ ತೊಡಿಸಿದ ಹಾಗಾಯಿತು. ಹೊಲಿದವರ ಮನಸ್ಸಿನಲ್ಲಿ ಗೌರವವೇ ಇತ್ತು, ಅದರಲ್ಲಿ ಅನುಮಾನ ಬೇಡ.

ಅಷ್ಟಾದರೂ ಇವರು ಶಿಕ್ಷಕರೋ ಅಲ್ಲವೋ ಅನ್ನುವುದು ಕೋರ್ಟಿಗೇ ಹೋಯಿತು. ಆಂಧ್ರಪ್ರದೇಶ ಕೃಷಿ ವಿಶ್ವವಿದ್ಯಾಲಯದ ಫಿಸಿಕಲ್ ಡೈರೆಕ್ಟರ್ ಒಬ್ಬರನ್ನು 58ಕ್ಕೇ ನಿವೃತ್ತಿ ಮಾಡಿಸಿದ್ದರು. ಶಿಕ್ಷಕರಾಗಿದ್ದರೆ 60. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿ, 1997ರಲ್ಲಿ ತೀರ್ಪು ಬಂತು. ಆಟದ ನಿಯಮ, ಕೌಶಲ ಹೇಳಿಕೊಡುವುದು ಕೂಡ ಪಾಠವೇ, ಅದು ನಾಲ್ಕು ಗೋಡೆಯೊಳಗೇ ನಡೆಯಬೇಕು ಅಂತೇನಿಲ್ಲ ಅನ್ನುವುದು ಅದರ ಸಾರ. ಇಂಥ ಮಾತನ್ನು ದೇಶದ ಅತಿ ದೊಡ್ಡ ಕೋರ್ಟ್ ಹೇಳಬೇಕಾಗಿ ಬಂತಲ್ವಾ, ಅದೇ ಈ ಹುದ್ದೆಯ ಕಥೆ.

ಈಗ ಓದಿನ ಕಡೆ ನೋಡೋಣ. 2014ರಲ್ಲಿ, ಶಿಕ್ಷಕರ ತರಬೇತಿಯ ಕೇಂದ್ರ ಸಂಸ್ಥೆಯಾದ ಎನ್‌ಸಿಟಿಇ ನಿಯಮ ಬಂದ ಮೇಲೆ ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಒಂದು ವರ್ಷದಿಂದ ಎರಡು ವರ್ಷವಾಯಿತು. ಅದರ ಸ್ನಾತಕೋತ್ತರ ಪದವಿ ಎಂ.ಪಿ.ಎಡ್. ಇನ್ನೆರಡು ವರ್ಷ. ಬಯೋಮೆಕಾನಿಕ್ಸ್, ವ್ಯಾಯಾಮದ ಶರೀರಕ್ರಿಯೆ, ಕ್ರೀಡಾ ಮನೋವಿಜ್ಞಾನ, ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ ಎಲ್ಲ ಇದೆ. ಎಲ್ಲವೂ ಬೇಕಾದದ್ದೇ. ನಿರ್ವಹಣೆಯ ಪಾಠವೂ ಇದೆ, ಆದರೆ ಹತ್ತರ ಜೊತೆ ಹನ್ನೊಂದು ಅನ್ನುವ ಹಾಗೆ. ಮೂವತ್ತು ಕಾಲೇಜಿನ ಟೂರ್ನಿ ಹೇಗೆ ನಡೆಸಬೇಕು, ಆಟಗಾರ ಬಿದ್ದು ಕಾಲು ಮುರಿದರೆ ಹೊಣೆ ಯಾರದು, ಹುಡುಗಿಯರ ತಂಡವನ್ನು ಹೊರ ರಾಜ್ಯಕ್ಕೆ ಕರೆದೊಯ್ಯುವಾಗ ಏನೇನು ವ್ಯವಸ್ಥೆ ಇರಬೇಕು? ಇದನ್ನೆಲ್ಲ ಜಾಸ್ತಿ ಜನ ಕಲಿಯುವುದು ಕೆಲಸಕ್ಕೆ ಸೇರಿದ ಮೇಲೆ, ಏಟು ತಿಂದು.

ಅತ್ತ ಐಪಿಎಲ್, ಪ್ರೊ ಕಬಡ್ಡಿ ಬಂದ ಮೇಲೆ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಅನ್ನುವ ಬೇರೆಯದೇ ಓದು ಬೆಳೆಯಿತು. ಬಜೆಟ್, ಪ್ರಾಯೋಜಕರು, ಕ್ರೀಡಾಂಗಣದ ನಿರ್ವಹಣೆ, ಒಪ್ಪಂದ ಎಲ್ಲ ಅಲ್ಲಿದೆ. ಆದರೆ ಆ ಎಂಬಿಎ ಹಿಡಿದುಕೊಂಡು ಕಾಲೇಜಿನ ಹುದ್ದೆಗೆ ಅರ್ಜಿ ಹಾಕಿದರೆ ನಡೆಯುವುದಿಲ್ಲ. ನಿಯಮ ಕೇಳುವ ಪದವಿ ಅದಲ್ಲ. ನಡೆಸುವುದನ್ನು ಓದಿದವರಿಗೆ ಕಾಲೇಜಿನ ಬಾಗಿಲು ಮುಚ್ಚಿದೆ. ಬಾಗಿಲು ತೆರೆದಿರುವವರಿಗೆ ನಡೆಸುವ ಓದು ಸಾಲುವುದಿಲ್ಲ.

ಅಮೆರಿಕದಲ್ಲಿ ಈ ದಾರಿ ಬೇಗ ಕವಲೊಡೆಯಿತು. 1966ರಲ್ಲೇ ಒಹಾಯೊ ವಿಶ್ವವಿದ್ಯಾಲಯ ಕ್ರೀಡಾ ಆಡಳಿತಕ್ಕೇ ಒಂದು ಸ್ನಾತಕೋತ್ತರ ಪದವಿ ಶುರುಮಾಡಿತು. ಅಲ್ಲಿ ಎಷ್ಟೋ ವಿದ್ಯಾರ್ಥಿಗಳು ಓದುತ್ತಲೇ ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಸಹಾಯಕರಾಗಿ ದುಡಿದು ಕೆಲಸ ಕಲಿಯುತ್ತಾರೆ. ಅಲ್ಲಿನ ಕಾಲೇಜು ಕ್ರೀಡೆಯಲ್ಲಿ ಹರಿಯುವ ದುಡ್ಡು ನಮ್ಮದಲ್ಲ, ಹಾಗಾಗಿ ಅದನ್ನೇ ತಂದು ನೆಡಬೇಕು ಅಂತ ನಾನು ಹೇಳುತ್ತಿಲ್ಲ. ಓದುತ್ತಾ ಕೆಲಸ ಕಲಿಯುವ ಆ ಒಂದು ಪದ್ಧತಿ ಮಾತ್ರ ನಮ್ಮಲ್ಲೂ ಆಗುವಂಥದ್ದು.

ನಮ್ಮಲ್ಲಿ ಇತ್ತೀಚಿನ ತಿರುವು ಇನ್ನೂ ಜನರ ನೆನಪಿನಲ್ಲಿದೆ. 2021ರಲ್ಲಿ ರಾಜ್ಯದ ಡಿಗ್ರಿಗೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಎನ್‌ಇಪಿ ಬಂದಾಗ ಕ್ರೀಡೆ, ಯೋಗಕ್ಕೆ ಕ್ರೆಡಿಟ್ ಸಿಕ್ಕಿತು. ಮೊದಲ ಬಾರಿಗೆ ಎಷ್ಟೋ ಪಿ.ಡಿ.ಗಳ ಹೆಸರು ಟೈಮ್‌ಟೇಬಲ್‌ನಲ್ಲಿ ಕಾಣಿಸಿತು. ಹಾಜರಿ ಪುಸ್ತಕ, ಇಂಟರ್ನಲ್ ಅಂಕ, ತುಂಬಿದ ತರಗತಿ. ಕೆಲವರಿಗೆ ಅದು ಹೊರೆ ಅನ್ನಿಸಿತು. ತುಂಬಾ ಜನಕ್ಕೆ ಹೆಮ್ಮೆಯಾಯಿತು, ಅದನ್ನು ನಾನು ಅವರ ಬಾಯಲ್ಲೇ ಕೇಳಿದ್ದೇನೆ. 2024ರಲ್ಲಿ ರಾಜ್ಯ ಆ ವ್ಯವಸ್ಥೆಯನ್ನು ಕೈಬಿಟ್ಟು ಮೂರು ವರ್ಷದ ಡಿಗ್ರಿಗೆ ಮರಳಿತು. ಪಠ್ಯಕ್ರಮ ಮತ್ತೆ ಬದಲಾಯಿತು. ಈ ಮೇಷ್ಟ್ರ ಜಾಗ ಎಲ್ಲಿ ಅನ್ನುವ ಪ್ರಶ್ನೆಯೂ ಮತ್ತೆ ಎದ್ದಿತು.

ಈಗ ಎಂ.ಪಿ.ಎಡ್. ಓದುತ್ತಿರುವ ಹುಡುಗ ಹುಡುಗಿಯರು ಕೇಳಿದರೆ ನಾನು ಹೇಳುವುದು ಇಷ್ಟೇ. ಅಂತರ ಕಾಲೇಜು ಆಡಿದ ಸರ್ಟಿಫಿಕೇಟು ಜೋಪಾನವಾಗಿಡಿ, ಅದಿಲ್ಲದೆ ಅರ್ಜಿ ನಿಲ್ಲುವುದಿಲ್ಲ. ನೆಟ್‌ಗೆ ಓದಿ, ಬೆಳಿಗ್ಗೆ ಓಡಿ. ಹತ್ತಿರದ ಕಾಲೇಜಿನಲ್ಲಿ ಟೂರ್ನಿ ಇದ್ದರೆ ಹಿಂದಿನ ದಿನವೇ ಹೋಗಿ, ಅಲ್ಲಿನ ಪಿ.ಡಿ. ಸರ್ ಅಥವಾ ಮೇಡಂ ಪಕ್ಕ ನಿಂತುಕೊಳ್ಳಿ. ಅವರು ಒಂದೊಂದೇ ಫಾರ್ಮು ತಿರುವಿ, ಫೋಟೋದ ಮೇಲೆ ಸೀಲು ಬಿದ್ದಿದೆಯಾ ಅಂತ ಬೆರಳಿಟ್ಟು ನೋಡುತ್ತಾರಲ್ಲ, ಅದನ್ನು ಕಲಿತುಕೊಳ್ಳಿ.